ಬೇಸಗೆಗೆ ಹೂವಿನ ನಿಂಬೆಪಾನಕ: ಮೊದಲು ಹೂವಿನ ಹೆಸರು ಸರಿಯಾಗಲಿ

ಮಾರ್ಚ್ ತಿಂಗಳು ಕಾಲಿಟ್ಟೊಡನೆ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಬೀದಿಬದಿಗಳಲ್ಲಿ ನನ್ನಾರಿ ಶರಬತ್ತಿನ ಗಾಡಿಗಳು ನಿಲ್ಲತೊಡಗುತ್ತವೆ. ನನ್ನಾರಿಯೆಂದರೆ ನಮ್ಮ ಹಿರಿಯರು ಸೊಗದೆ ಬೇರು ಎಂದು ಕರೆಯುತ್ತಿದ್ದುದೇ. ಆ ಗಾಡಿಗಳ ಜೊತೆಗೆ ಈಚೆಗೆ ಇನ್ನೊಂದು ಪಾನೀಯವೂ ಮನೆಗಳನ್ನು ಹೊಕ್ಕಿದೆ. ನಿಂಬೆರಸ ಬಿದ್ದೊಡನೆ ನೀಲಿಯಿಂದ ನೇರಳೆಗೆ ತಿರುಗುವ ಶಂಖಪುಷ್ಪದ ಪಾನಕ, ಮಾಣಿಕ್ಯದಂತೆ ಕೆಂಪಾಗುವ ದಾಸವಾಳದ ಪಾನಕ, ಹೊನ್ನಿನ ಬಣ್ಣದ ಆವರಿಕೆಯ ಪಾನಕ ಇವುಗಳ ಚಿತ್ರಗಳನ್ನು ಮಕ್ಕಳು ಕೈಫೋನಿನಲ್ಲಿ ಕಂಡು, ಅಡುಗೆಮನೆಯಲ್ಲಿ ಮಾಡಿನೋಡುತ್ತಿದ್ದಾರೆ. ಇದು ಸಂತೋಷದ ಸಂಗತಿ. ಪಾನಕವೆಂಬುದು ನಮಗೆ ಹೊಸತಲ್ಲ. ರಾಮನವಮಿಯಂದು ಪಾನಕ, ಕೋಸಂಬರಿ ಹಂಚದ ಕನ್ನಡ ಮನೆ ಅಪರೂಪ.

ಆದರೆ ಈ ಎರಡು ಜಿಲ್ಲೆಗಳ ಕನ್ನಡ ಮನೆಗಳಿಗೆ ಇಲ್ಲೊಂದು ಪ್ರತ್ಯೇಕವಾದ ಎಚ್ಚರಿಕೆ ಬೇಕಾಗುತ್ತದೆ. ನಮ್ಮ ಮನೆಮಾತು ಕನ್ನಡ. ಓದು, ಬರಹ, ಮಾರುಕಟ್ಟೆಯ ವ್ಯವಹಾರಗಳೆಲ್ಲ ಬಹುಪಾಲು ತಮಿಳು. ತಿನ್ನುವ ಹೂವಿಗೂ ತಿನ್ನಬಾರದ ಹೂವಿಗೂ ನಡುವೆ ಹೆಸರುಗಳು ಈ ಎರಡು ಭಾಷೆಗಳಲ್ಲಿ ಅದಲುಬದಲಾಗಿವೆ. ಆದ್ದರಿಂದ ಪಾನಕದ ವಿಧಾನಕ್ಕೆ ಮೊದಲು ಹೆಸರಿನ ವಿಚಾರವನ್ನೇ ತಿಳಿಸಬೇಕೆಂದು ನಾವು ಬಯಸುತ್ತೇವೆ.

ಎರಡು ಭಾಷೆಗಳ ನಡುವಣ ಹೂದೋಟ

ಕೊಯಮತ್ತೂರು ಸೀಮೆಯಲ್ಲಿ ಕನ್ನಡ ನೆಲೆಸಿರುವುದು ಇಂದು ನಿನ್ನೆಯಿಂದಲ್ಲ. 1799ರವರೆಗೆ ಈ ನಾಡು ಮೈಸೂರಿನ ಆಳ್ವಿಕೆಗೆ ಸೇರಿತ್ತು. ಇಂದು ಕರ್ನಾಟಕದಲ್ಲಿರುವ ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಕನ್ನಡ ಮನೆಮಾತಿನ ದೇವಾಂಗ ನೇಕಾರರು, ಒಕ್ಕಲಿಗರು, ಅನುಪ್ಪರು ತಲೆಮಾರುಗಳಿಂದ ಇಲ್ಲಿ ಬಾಳುತ್ತ ಬಂದಿದ್ದಾರೆ. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದಾಗ ಈ ಕುಟುಂಬಗಳು ಎರಡು ಜಿಲ್ಲೆಗಳಿಗೆ ಹಂಚಿಹೋದವು. ಮಾತು ಮಾತ್ರ ಒಂದೇ ಆಗಿ ಉಳಿಯಿತು.

ಹೀಗೆ ಉಳಿದ ಮಾತಿನಲ್ಲಿ ಮೊದಲು ಸವೆಯುವುದು ಗಿಡಮರಗಳ ಹೆಸರು. ನೆಂಟಸ್ತಿಕೆಯ ಪದಗಳು, ಅಡುಗೆಯ ಪದಗಳು ದಿನಬಳಕೆಯಿಂದ ಉಳಿಯುತ್ತವೆ. ಬೇಲಿಯ ಹೂವಿನ ಹೆಸರಾದರೋ ಅಜ್ಜಿಯ ನಾಲಿಗೆಯ ಮೇಲೆ ಕನ್ನಡದಲ್ಲಿಯೂ ಮೊಮ್ಮಗಳ ಪಠ್ಯಪುಸ್ತಕದಲ್ಲಿ ತಮಿಳಿನಲ್ಲಿಯೂ ಇರುತ್ತದೆ. ಬಹುತೇಕ ಹೂಗಳ ಮಟ್ಟಿಗೆ ಇದರಿಂದ ಹಾನಿಯಿಲ್ಲ. ಮಲ್ಲಿಗೆ ತಮಿಳಿನಲ್ಲಿ ಮಲ್ಲಿಗೈ, ತಾವರೆ ತಾಮರೈ, ಶಂಖಪುಷ್ಪ ಸಂಗುಪ್ಪೂ. ದಾಸವಾಳಕ್ಕೆ ತಮಿಳರು ಸೆಂಬರುತ್ತಿ ಎನ್ನುತ್ತಾರೆ. ಅಂದರೆ ಕೆಂಪು ಹತ್ತಿ. ಹತ್ತಿಯೂ ದಾಸವಾಳವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವಾದ್ದರಿಂದ ಹತ್ತಿಯ ನಾಡಿನ ಈ ಹೆಸರು ಸಸ್ಯಶಾಸ್ತ್ರಕ್ಕೂ ಒಪ್ಪುವಂಥದು.

ಅಪಾಯವಿರುವುದು ‘ಅರಳಿ’ ಎಂಬ ಮಾತಿನಲ್ಲಿ. ಕನ್ನಡದಲ್ಲಿ ಅರಳಿಯೆಂದರೆ ಅಶ್ವತ್ಥ; ಕಟ್ಟೆ ಕಟ್ಟಿ ಪೂಜಿಸುವ ಮರ. ತಮಿಳಿನಲ್ಲಿ ಆ ಮರಕ್ಕೆ ಅರಸು ಎಂದು ಹೆಸರು. ತಮಿಳಿನ ಅರಳಿಯೆಂದರೆ ನಮ್ಮ ಕಣಗಿಲೆ; ಎಲೆ, ಹೂವು, ಕಾಂಡ, ಬೇರು ಎಲ್ಲವೂ ವಿಷವಾಗಿರುವ ಗಿಡ. ಕನ್ನಡದ ಕಿವಿಗೆ ‘ಅರಳಿಪ್ಪೂ’ ಎಂಬುದು ‘ಅರಳಿದ ಹೂವು’ ಎಂಬಷ್ಟೇ ನಿರುಪದ್ರವಿಯಾಗಿ ಕೇಳಿಸೀತು. ಕೆಂಪು ಕಣಗಿಲೆಯನ್ನು ತಮಿಳಿನಲ್ಲಿ ಸೆವ್ವರಳಿ ಎನ್ನುತ್ತಾರೆ. ಗಂಟೆಯಾಕಾರದ ಹಳದಿ ಹೂವನ್ನು ಬಿಡುವ ಕಾಡು ಕಣಗಿಲೆಗೆ ಪೊನ್ನರಳಿ ಎಂಬ ಹೆಸರಿದೆ. ಅದರ ಬೀಜವಂತೂ ಕಡು ವಿಷ. ಈ ಎರಡೂ ಗಿಡಗಳಲ್ಲಿರುವ ವಿಷಾಂಶಗಳು ಹೃದಯದ ಬಡಿತವನ್ನೇ ಕೆಡಿಸುತ್ತವೆ. ಕುದಿಸುವುದರಿಂದಾಗಲಿ ಒಣಗಿಸುವುದರಿಂದಾಗಲಿ ವಿಷ ಹೋಗುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿದರೆ ನೀರಿಗೂ ಇಳಿಯುತ್ತದೆ.

ಕಣಗಿಲೆ ನಮ್ಮ ಸುತ್ತಲೂ ಇದೆ. ಹೆದ್ದಾರಿಗಳ ನಡುವಣ ಪಟ್ಟಿಯಲ್ಲಿ ಸಾಲಾಗಿ ನೆಟ್ಟಿರುವುದು ಅದನ್ನೇ. ದೇವಾಲಯದ ಹಾರಗಳಿಗಾಗಿ ಹೂವಿನ ಮಾರುಕಟ್ಟೆಯಲ್ಲಿ ತೂಕದ ಲೆಕ್ಕದಲ್ಲಿ ಮಾರುವ ಹೂಗಳಲ್ಲಿಯೂ ಅದು ಇದೆ. 2024ರ ಮೇ ತಿಂಗಳಲ್ಲಿ ನೆರೆಯ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂವನ್ನು ಬಳಸಕೂಡದೆಂದು ನಿರ್ಧರಿಸಿದವು. ಮಲಯಾಳದಲ್ಲಿಯೂ ಅರಳಿಯೆಂದರೆ ಕಣಗಿಲೆಯೇ. ಆ ಸುದ್ದಿಯನ್ನು ಕನ್ನಡದ ಅರ್ಥದಲ್ಲಿ ಓದಿಕೊಂಡವರು ಅಶ್ವತ್ಥಕ್ಕೆ ಏಕೆ ನಿಷೇಧವೆಂದು ಬೆರಗಾಗಿದ್ದರೆ ಆಶ್ಚರ್ಯವಿಲ್ಲ. ಕಾಸರಗೋಡಿನ ಓದುಗರಿಗೂ ಕೊಯಮತ್ತೂರಿನ ಓದುಗರಿಗೂ ಈ ತೊಡಕು ಸಮಾನವಾದುದು.

ಹಳದಿ ಹೂಗಳಲ್ಲಿ ಇನ್ನೊಂದು ಗೊಂದಲವುಂಟು. ತಮಿಳಿನ ಆವಾರಂಪೂ ನಮ್ಮ ಆವರಿಕೆ ಅಥವಾ ತಂಗಡಿ. ಕೊಂಗುನಾಡಿನಲ್ಲಿ ಪೊಂಗಲ್ ಹಬ್ಬದ ಮುನ್ನಾದಿನ ಬೇವಿನ ಸೊಪ್ಪು, ಬಿಳಿಯ ಪೂಳೈ ಹೂಗಳೊಡನೆ ಮನೆಯ ಸೂರಿಗೆ ಸಿಕ್ಕಿಸಿ ‘ಕಾಪು’ ಕಟ್ಟುವ ಹಳದಿ ಹೂವು ಇದೇ. ಆಳೆತ್ತರದ ಪೊದೆಯಾಗಿ ಒಣನೆಲದಲ್ಲಿ ಬೆಳೆಯುತ್ತದೆ. ಆದರೆ ಸೀಮೆ ತಂಗಡಿಯೆಂದು ಕರೆಯುವ ಎತ್ತರದ ಮರಗಳು ಬೇರೆ. ರಸ್ತೆಬದಿಯಲ್ಲಿ ನೆರಳಿಗಾಗಿ ನೆಟ್ಟವು, ಕಾಡಿಗೆ ನುಗ್ಗಿ ಕಳೆಯಾಗಿ ಹಬ್ಬಿದವು ಅವು. ಗೊಂಚಲಾಗಿ ಜೋತುಬೀಳುವ ಕಕ್ಕೆಯ ಹೂವು, ಅಂದರೆ ತಮಿಳಿನ ಕೊನ್ರೈ, ಮತ್ತೂ ಬೇರೆ. ಹಳದಿಯಾಗಿರುವುದೆಲ್ಲ ಆವರಿಕೆಯಲ್ಲ. ಪೊನ್ನರಳಿಯ ಹೂವು ಕೂಡ ಹಳದಿಯೇ ಎಂಬುದನ್ನು ಮರೆಯಬಾರದು.

ಆದುದರಿಂದ ನಮ್ಮ ಮೊದಲ ಸೂಚನೆ ಇಷ್ಟು: ಎರಡು ಭಾಷೆಯ ಹೆಸರನ್ನೂ ಗಿಡವನ್ನೂ ಬಲ್ಲ ಹಿರಿಯರೊಬ್ಬರು ಕಣ್ಣಾರೆ ಕಂಡು ಇಂಥದೇ ಎಂದು ಹೇಳಿದ ಹೊರತು ಯಾವ ಹೂವನ್ನೂ ಪಾನಕಕ್ಕೆ ಹಾಕಬಾರದು. ಹೆಸರನ್ನು ಕೇಳಿ ಕೊಯ್ಯುವುದಲ್ಲ. ಗಿಡವನ್ನು ಗುರುತಿಸಿ ಕೊಯ್ಯುವುದು.

ಮಾರುಕಟ್ಟೆಯ ಹೂವು ಏಕೆ ಬೇಡ

ಗಿಡದ ಗುರುತು ಸರಿಯಾಗಿದ್ದರೂ ಸಾಲದು. ಹೂವು ಎಲ್ಲಿಂದ ಬಂತೆಂಬುದೂ ಮುಖ್ಯ. ಕೊಯಮತ್ತೂರಿನ ಮೇಟ್ಟುಪಾಳ್ಯಂ ರಸ್ತೆಯ ಹೂವಿನ ಮಾರುಕಟ್ಟೆಗೆ ಬರುವ ಮಲ್ಲಿಗೆ, ಗುಲಾಬಿಗಳು ಮುಡಿಯಲು, ಪೂಜಿಸಲು ಬೆಳೆದವು; ಕುಡಿಯಲು ಬೆಳೆದವಲ್ಲ. ಮಲ್ಲಿಗೆಯ ಮೊಗ್ಗಿಗೆ ಹುಳು ಬೀಳುವುದು ಸಾಮಾನ್ಯವಾದ್ದರಿಂದ ಬೆಳೆಗಾರರು ಕೀಟನಾಶಕವನ್ನು ಸಿಂಪಡಿಸುತ್ತಾರೆ. ಅದು ಅವರ ತಪ್ಪಲ್ಲ. ತಿನ್ನುವ ಬೆಳೆಗೆ ಪಾಲಿಸುವ ಕಾಲಮಿತಿಯನ್ನು ಹೂವಿನ ಬೆಳೆಗೆ ಯಾರೂ ನಿರೀಕ್ಷಿಸುವುದಿಲ್ಲ. ಗಿಡದೊಳಗೆ ಹರಡುವ ಬಗೆಯ ಕೀಟನಾಶಕವು ಎಸಳನ್ನು ಎಷ್ಟು ತೊಳೆದರೂ ಪೂರ್ತಿಯಾಗಿ ಹೋಗುವುದಿಲ್ಲ. ದೇವರಿಗೆ ಏರಿಸಿದ ಹೂವು ಪವಿತ್ರವಾದರೂ ಅದು ಬಂದದ್ದು ಸಾಮಾನ್ಯವಾಗಿ ಇದೇ ಮಾರುಕಟ್ಟೆಯಿಂದ. ಕಣ್ಣಿಗೊತ್ತಿಕೊಳ್ಳಲು ಮಾತ್ರ ಅದನ್ನು ಬಳಸುವುದು ಲೇಸು. ಹತ್ತಿಹೊಲದ ಬದುವಿನ ಹೂವು, ವಾಹನಗಳು ಓಡಾಡುವ ರಸ್ತೆಬದಿಯ ಹೂವು, ಕಾರ್ಖಾನೆಗಳ ನೀರು ಹರಿಯುವ ಕಾಲುವೆಯ ಅಂಚಿನ ಹೂವು ಇವೂ ಬೇಡ.

ಹಾಗಾದರೆ ಯಾವುದು ಬೇಕು? ಮನೆಯಂಗಳದ, ತಾರಸಿಯ ಕುಂಡದ, ಔಷಧ ಹೊಡೆಯದ ಹೂವು. ದಾಸವಾಳದ ಕಡ್ಡಿ ನೆಟ್ಟರೆ ಚಿಗುರುತ್ತದೆ. ಶಂಖಪುಷ್ಪದ ಬೀಜವನ್ನು ಒಂದು ರಾತ್ರಿ ನೆನೆಸಿ ಬಿತ್ತಿದರೆ ಬಳ್ಳಿ ಹಬ್ಬಿ ಎರಡು ತಿಂಗಳ ಆಸುಪಾಸಿನಲ್ಲಿ ಹೂ ಬಿಡತೊಡಗುತ್ತದೆ. ಒಣಗಿದ ಹೂವನ್ನು ಕೊಳ್ಳುವುದಾದರೆ ಆಹಾರವೆಂದೇ ಮಾರುವ, ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆಯನ್ನು ಮುದ್ರಿಸಿದ ಪೊಟ್ಟಣವನ್ನು ಕೊಳ್ಳಬೇಕು.

ಪಾನಕದ ಮೂಲ ಅಳತೆ

ನಾಲ್ಕು ಲೋಟ ಪಾನಕಕ್ಕೆ ಒಟ್ಟು 800 ಮಿಲಿಲೀಟರ್ ನೀರು, ಮಧ್ಯಮ ಗಾತ್ರದ 3 ನಿಂಬೆಹಣ್ಣು, 60 ಗ್ರಾಂ ಅಂದರೆ ಸುಮಾರು 5 ದೊಡ್ಡ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು, ಬೇಕಿದ್ದರೆ 2 ಏಲಕ್ಕಿ ಸಾಕು. ಈ ಲೆಕ್ಕದಲ್ಲಿ ಒಂದು ಲೋಟಕ್ಕೆ 15 ಗ್ರಾಂ ಸಕ್ಕರೆಯಾಗುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆಯು ದಿನಕ್ಕೆ 50 ಗ್ರಾಮಿಗೆ ಮೀರಬಾರದು, ಸಾಧ್ಯವಾದರೆ 25 ಗ್ರಾಮಿನೊಳಗೆ ಇರಬೇಕು ಎಂಬುದು ದಿನಕ್ಕೆ 2000 ಕ್ಯಾಲರಿ ಸೇವಿಸುವ ವಯಸ್ಕರಿಗೆ ಅನ್ವಯಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಸಾರ. ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ; ನಾಟ್ಟುಚ್ಚರ್ಕರೈ, ತಾಳೆಬೆಲ್ಲಗಳಿಗೂ ರಿಯಾಯಿತಿಯಿಲ್ಲ.

ಮೂರು ನಿಯಮಗಳು ಎಲ್ಲ ಬಗೆಗೂ ಸಮಾನ. ಮೊದಲನೆಯದು, ಹೂವಿನ ಕಷಾಯ ಪೂರ್ಣವಾಗಿ ಆರಿದ ಮೇಲೆಯೇ ನಿಂಬೆರಸ ಬೆರೆಸಬೇಕು. ಬಿಸಿಗೆ ಸಿ ಜೀವಸತ್ವ ಕುಂದುತ್ತದೆ. ನಿಂಬೆಯ ಹೊಸ ಪರಿಮಳವೂ ಹಾರಿಹೋಗುತ್ತದೆ. ಎರಡನೆಯದು, ಹಣ್ಣನ್ನು ಹಿಂಡುವಾಗ ಬೀಜಗಳನ್ನು ಸೋಸಿ ತೆಗೆಯಬೇಕು, ಸಿಪ್ಪೆಯನ್ನು ಕಿವುಚಬಾರದು. ಪಾನಕ ನಿಂತಷ್ಟೂ ಕಹಿಯಾಗಲು ಅವೇ ಕಾರಣ. ಮೂರನೆಯದು, ಸ್ಟೀಲು, ಗಾಜು ಅಥವಾ ಪಿಂಗಾಣಿಯ ಪಾತ್ರೆಯನ್ನೇ ಬಳಸಬೇಕು. ಹುಳಿಯು ಅಲ್ಯೂಮಿನಿಯಮ್ಮನ್ನೂ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳನ್ನೂ ಕರಗಿಸಿಕೊಳ್ಳುತ್ತದೆ.

ನೀರಿನ ಬಗ್ಗೆಯೂ ಒಂದು ಮಾತು. ಸಿರುವಾಣಿಯ ಸಿಹಿನೀರು ಬರುವ ಮನೆಗಳಲ್ಲಿ ಹೂವಿನ ಬಣ್ಣ ನಿರಾಯಾಸವಾಗಿ ತಿಳಿಯಾಗಿ ಬರುತ್ತದೆ. ಗಡಸಾದ ಕೊಳವೆಬಾವಿ ನೀರಿನಲ್ಲಿ ದಾಸವಾಳದ ಕಷಾಯ ಕಂದಿದ ನೇರಳೆಯಾಗಿ, ಕೆಲವೊಮ್ಮೆ ಹಸಿರು ಛಾಯೆಯಾಗಿ ಕಾಣುತ್ತದೆ. ಹೂವು ಕೆಟ್ಟಿತೆಂದು ಅದನ್ನು ಚೆಲ್ಲಬೇಕಾಗಿಲ್ಲ. ನೀರಿನ ಕ್ಷಾರಗುಣವೇ ಅದಕ್ಕೆ ಕಾರಣ. ಕುಡಿಯುವ ನೀರನ್ನೇ ಬಳಸಿದರೆ ತೊಂದರೆಯಿಲ್ಲ.

ನಾಲ್ಕು ಹೂಗಳು, ನಾಲ್ಕು ವಿಧಾನಗಳು

ದಾಸವಾಳ: ಐದೆಸಳಿನ ಕೆಂಪು ದಾಸವಾಳ 8 ಹೂವು. ತೊಟ್ಟು, ಹಸಿರು ಬಟ್ಟಲು, ನಡುವಣ ಕೇಸರದ ಕಡ್ಡಿ ಇವುಗಳನ್ನು ತೆಗೆದು ಎಸಳನ್ನು ಮಾತ್ರ ಉಳಿಸಿಕೊಳ್ಳಬೇಕು. ಕುದಿದು ಒಲೆಯಿಂದ ಇಳಿಸಿದ 300 ಮಿಲಿಲೀಟರ್ ನೀರಿಗೆ ಹಾಕಿ 10 ನಿಮಿಷ ಮುಚ್ಚಿಡಬೇಕು. ಎಸಳು ಬಿಳಿಚಿಕೊಂಡು ನೀರು ಕಂದು ನೇರಳೆಯಾಗುತ್ತದೆ. ಸೋಸಿ, ಸಕ್ಕರೆ ಕರಗಿಸಿ, ಆರಿಸಿ, ಉಳಿದ ನೀರನ್ನು ಸೇರಿಸಿ ನಿಂಬೆರಸ ಹಿಂಡಿದೊಡನೆ ಕೆಂಪು ಜಗ್ಗನೆ ಹೊಳೆಯುತ್ತದೆ.

ಶಂಖಪುಷ್ಪ: ನೀಲಿ ಹೂವು 10ರಿಂದ 12. ಹಸಿರು ತೊಟ್ಟನ್ನು ಬಿಡಿಸಿ 250 ಮಿಲಿಲೀಟರ್ ಬಿಸಿನೀರಿನಲ್ಲಿ 5ರಿಂದ 7 ನಿಮಿಷ ನೆನೆಸಿದರೆ ಗಾಢ ನೀಲಿ ಬರುತ್ತದೆ. ಇದಕ್ಕೆ ಹೇಳಿಕೊಳ್ಳುವಂಥ ರುಚಿಯಿಲ್ಲ. ಬಣ್ಣವೇ ಇದರ ಸೊಗಸು. ಬೆಲ್ಲ ಹಾಕಿದರೆ ಬಣ್ಣ ಮಂಕಾಗುವುದರಿಂದ ಸಕ್ಕರೆಯೇ ಸರಿ. ಲೋಟದಲ್ಲಿ ಮೊದಲು ನಿಂಬೆ, ಸಕ್ಕರೆಯ ನೀರನ್ನು ಹಾಕಿ ಮೇಲಿನಿಂದ ನೀಲಿ ಕಷಾಯವನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಬಿಟ್ಟರೆ ಮೇಲೆ ನೀಲಿ, ಕೆಳಗೆ ನೇರಳೆ ನಿಲ್ಲುತ್ತದೆ. ಹೂವನ್ನು ಮಾತ್ರ ಬಳಸಬೇಕು. ಇದರ ಬೀಜ, ಬೇರುಗಳು ಭೇದಿ ಮಾಡಿಸುತ್ತವೆ. ಔಷಧದಂಗಡಿಯ ಶಂಖಪುಷ್ಪಿ ಸಾಮಾನ್ಯವಾಗಿ ಬೇರೊಂದು ಮೂಲಿಕೆ. ಹೆಸರು ಹತ್ತಿರವಾದುದರಿಂದ ಅದನ್ನು ತಂದು ಹಾಕಬಾರದು.

ಆವರಿಕೆ: ಹೊಸ ಹೂವಿನ ಎಸಳು ಎರಡು ಹಿಡಿ, ಅಥವಾ ಒಣಗಿದ್ದು 2 ದೊಡ್ಡ ಚಮಚ. 300 ಮಿಲಿಲೀಟರ್ ಬಿಸಿನೀರಿನಲ್ಲಿ 5 ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಒಗರು ಏರುತ್ತದೆ. ಚರ್ಮ ಹದಮಾಡಲು ಹಿಂದೆ ಈ ಗಿಡದ ತೊಗಟೆಯನ್ನೇ ಬಳಸುತ್ತಿದ್ದರು. ಆ ಒಗರಿನ ಅಂಶ ಹೂವಿನಲ್ಲಿಯೂ ಸ್ವಲ್ಪ ಇದೆ. ಇದಕ್ಕೆ ಬೆಲ್ಲವೂ ಏಲಕ್ಕಿಯೂ ಒಪ್ಪುತ್ತವೆ. ಆವರಿಕೆ ಅರಳಿದಲ್ಲಿ ಸಾವಿಲ್ಲವೆಂಬ ಭಾವದ ಗಾದೆ ತಮಿಳಿನಲ್ಲಿದೆ. ಮಧುಮೇಹಕ್ಕೆ ಮದ್ದೆಂದು ಇದನ್ನು ಮಾರುವವರೂ ಇದ್ದಾರೆ. ಗಾದೆಯನ್ನು ಗಾದೆಯಾಗಿಯೇ ತೆಗೆದುಕೊಳ್ಳಬೇಕು. ಇದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವುದು ಅಪಾಯ.

ಪನ್ನೀರು ಗುಲಾಬಿ: ಮನೆಯ ಗಿಡದ ಎಸಳು ಎರಡು ಹಿಡಿ. ಎಸಳಿನ ಬುಡದ ಬಿಳಿಯ ಭಾಗ ಕಹಿಯಾದ್ದರಿಂದ ಅದನ್ನು ಕತ್ತರಿಸಬೇಕು. ಗುಲಾಬಿಯ ಸೊಗಸು ಪರಿಮಳದಲ್ಲಿದೆ. ಪರಿಮಳ ಬಿಸಿಗೆ ನಿಲ್ಲದು. ಆದ್ದರಿಂದ ಇದಕ್ಕೆ ಒಲೆ ಬೇಡ. ಎಸಳನ್ನು ಸಕ್ಕರೆಯೊಡನೆ ಕೈಯಿಂದ ನವಿರಾಗಿ ಹಿಸುಕಿ, ಮುಚ್ಚಿ, ತಂಪುಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ತಣ್ಣೀರು ಬೆರೆಸಿ ಸೋಸಿ, ನಿಂಬೆರಸ ಸೇರಿಸಬೇಕು. ಮನೆಯಂಗಳದ ಮಲ್ಲಿಗೆಗೂ ಒಲೆ ಬೇಡ; ಬಿಡಿಸಿದ ಹೂವನ್ನು ಕುಡಿಯುವ ತಣ್ಣೀರಿನಲ್ಲಿ ನಾಲ್ಕು ತಾಸು ತೇಲಿಸಿ ತೆಗೆದರೆ ಸಾಕು.

ಯಾವ ಪಾನಕವಾದರೂ ತಂಪಿನಲ್ಲಿಟ್ಟು 24 ಗಂಟೆಗಳೊಳಗೆ ಮುಗಿಸುವುದು ಒಳಿತು. ಹೂವಿಗೆ ಮೈ ಒಗ್ಗದವರೂ ಇರುತ್ತಾರಾದ್ದರಿಂದ ಮೊದಲ ದಿನ ಅರ್ಧ ಲೋಟ ಮಾತ್ರ ಕುಡಿದು ನೋಡಬೇಕು. ಗರ್ಭಿಣಿಯರು, ರಕ್ತದೊತ್ತಡ ಅಥವಾ ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಹೂವಿನ ಕಷಾಯವನ್ನು ರೂಢಿಮಾಡಿಕೊಳ್ಳಬಾರದು.

ಬಣ್ಣ ಬದಲಾಗುವುದೇಕೆ

ಮಕ್ಕಳು ಕೇಳುವ ಪ್ರಶ್ನೆ ಇದೇ ಆದ್ದರಿಂದ ಕಾರಣವನ್ನೂ ತಿಳಿಸುತ್ತೇವೆ. ದಾಸವಾಳ, ಶಂಖಪುಷ್ಪಗಳ ಎಸಳಿನಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳಿವೆ. ಸುತ್ತಲಿನ ನೀರು ಹುಳಿಯಾಗಿದೆಯೋ ಕ್ಷಾರವಾಗಿದೆಯೋ ಎಂಬುದಕ್ಕೆ ತಕ್ಕಂತೆ ಇವುಗಳ ಅಣುರಚನೆ ಬದಲಾಗಿ, ಬೆಳಕಿನ ಬೇರೆ ಬೇರೆ ಬಣ್ಣಗಳನ್ನು ಹೀರಿಕೊಳ್ಳುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಸೇರಿದಾಗ ಕೆಂಪಿನತ್ತಲೂ ಅಡುಗೆ ಸೋಡಾ ಸೇರಿದಾಗ ನೀಲಿ, ಹಸಿರಿನತ್ತಲೂ ಬಣ್ಣ ಸರಿಯುತ್ತದೆ. ಶಾಲೆಯ ಪ್ರಯೋಗಾಲಯದ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನೇ ಈ ಹೂಗಳು ಮಾಡುತ್ತವೆ. ಆವರಿಕೆಯ ಹಳದಿಯು ಬೇರೆ ಬಗೆಯ ವರ್ಣದ್ರವ್ಯಗಳಿಂದ ಬಂದದ್ದು. ಅದು ನಿಂಬೆಗೆ ಸ್ವಲ್ಪ ತಿಳಿಯಾಗುವುದೇ ಹೊರತು ಕೆಂಪಾಗದು. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಬಣ್ಣ ಬದಲಾಯಿತೆಂದ ಮಾತ್ರಕ್ಕೆ ಹೂವು ತಿನ್ನಲು ಯೋಗ್ಯವೆಂದು ಅರ್ಥವಲ್ಲ. ಕೆಂಪು ಕಣಗಿಲೆಯಲ್ಲಿಯೂ ಇದೇ ಬಗೆಯ ವರ್ಣದ್ರವ್ಯವಿದೆ. ಬಣ್ಣವು ಹುಳಿಯ ಪರೀಕ್ಷೆಯೇ ಹೊರತು ವಿಷದ ಪರೀಕ್ಷೆಯಲ್ಲ.

ಅರಿಯದೆ ಯಾರಾದರೂ ಕಣಗಿಲೆಯ ಯಾವುದೇ ಭಾಗವನ್ನು ಸೇವಿಸಿದರೆ, ವಾಂತಿ, ತಲೆಸುತ್ತು, ಎದೆಬಡಿತದ ಏರುಪೇರುಗಳಿಗಾಗಿ ಕಾಯದೆ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಬಲವಂತವಾಗಿ ವಾಂತಿ ಮಾಡಿಸಬಾರದು. ಗಿಡದ ತುಂಡೊಂದನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಬೇಕು. ಅಲ್ಲಿ ‘ಕಣಗಿಲೆ’ ಎಂದರೆ ಅರ್ಥವಾಗದೆ ಹೋದೀತು. ‘ಅರಳಿ’ ಎಂದೇ ಹೇಳಬೇಕು. ಮನೆಯಲ್ಲಿ ಮೋಸಗೊಳಿಸಬಹುದಾದ ಹೆಸರೇ ಆಸ್ಪತ್ರೆಯಲ್ಲಿ ಜೀವ ಉಳಿಸುವ ಹೆಸರಾಗುತ್ತದೆ. ಎರಡೂ ಹೆಸರುಗಳು ಗೊತ್ತಿರಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಗಡಿನಾಡಿನಲ್ಲಿ ಭಾಷೆಯನ್ನು ಉಳಿಸುವ ಮಾತು ಬಂದಾಗ ಶಾಲೆ, ಶಿಕ್ಷಕ, ಪಠ್ಯಪುಸ್ತಕಗಳ ಬೇಡಿಕೆಯನ್ನು ನಾವು ಮುಂದಿಡುತ್ತೇವೆ. ಅದು ನ್ಯಾಯವಾದುದೇ. ಆದರೆ ಹೂವಿನ ಹೆಸರನ್ನು ಉಳಿಸಿಕೊಳ್ಳಲು ಯಾವ ಸರಕಾರದ ಆದೇಶವೂ ಬೇಕಾಗಿಲ್ಲ. ಈ ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಜೊತೆ ಹಿತ್ತಲಿಗೆ ಕಳುಹಿಸಿ. ಒಂದೊಂದು ಗಿಡದ ಮುಂದೆಯೂ ನಿಂತು ‘ಇದಕ್ಕೆ ನಮ್ಮ ಮಾತಿನಲ್ಲಿ ಏನೆನ್ನುತ್ತಾರೆ, ಅವರ ಮಾತಿನಲ್ಲಿ ಏನೆನ್ನುತ್ತಾರೆ, ಇದನ್ನು ತಿನ್ನಬಹುದೇ’ ಎಂದು ಕೇಳಿ ಬರೆದುಕೊಳ್ಳಲಿ. ಒಣಗಿಸಿಟ್ಟ ಹೂವಿನ ಡಬ್ಬಿಯ ಮೇಲೆ ಎರಡು ಹೆಸರನ್ನೂ ಕನ್ನಡ, ತಮಿಳು ಎರಡು ಲಿಪಿಗಳಲ್ಲಿಯೂ ಬರೆದು ಅಂಟಿಸಲಿ. ಆ ಬಳಿಕ ನಿಂಬೆಹಣ್ಣನ್ನು ಕೊಯ್ಯೋಣ.